ಅಳತೆಯಿಲ್ಲದ ವಿದ್ಯುತ್ತು

ಆದಿಲಶಾಹಿ ಅರಸರ ಕಾಲದಲ್ಲಿ ತೊರವಿಯ ಸುರಂಗ ಬಾವಡಿಯ ನೀರು ವಿಜಾಪುರ ನಗರಕ್ಕೆ ಹರಿದುದು ನೆಲದ ಇಳಿಜಾರಿನ ಬಲದಿಂದ. ನಡುನಡುವೆ ಕಟ್ಟಿಸಿದ ಗಂಜುಗಳು ಅದರ ರಭಸವನ್ನು ತಗ್ಗಿಸಿ ಹದಗೊಳಿಸುತ್ತಿದ್ದುವು. ಇಂದು ಅದೇ ಸೀಮೆಯ ದ್ರಾಕ್ಷಿಯ ಪಡಗಳಿಗೆ ನೀರು ಕೊಳವೆಬಾವಿಯ ಆಳದಿಂದ ಮೇಲಕ್ಕೇರಬೇಕು, ಏರಿಸತಕ್ಕದ್ದು ವಿದ್ಯುತ್ತು. ಆದರೆ ಯಾವ ಬಾವಿಗೆ ಎಷ್ಟು ವಿದ್ಯುತ್ತು ಸಂದಿತೆಂಬುದನ್ನು ಅದನ್ನು ಹಂಚುವ ಕಂಪನಿಯೇ ಅರಿಯದು. ಬಹುಪಾಲು ಬಾವಿಗಳಿಗೆ ಮೀಟರೇ ಇಲ್ಲ!

ಮೈಸೂರು ಸೀಮೆಯಲ್ಲಿ 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ಮುಟ್ಟಿತ್ತು. 1956ರಲ್ಲಿ ಮುಂಬಯಿ ಕರ್ನಾಟಕವು ಕನ್ನಡನಾಡಿನಲ್ಲಿ ಒಂದುಗೂಡಿತು. 1957ರಲ್ಲಿ ವಿದ್ಯುಚ್ಛಕ್ತಿ ಮಂಡಲಿ ಹುಟ್ಟಿತು. ಮಂಡಲಿಯ ಲೆಕ್ಕ ಗೋಜಲಾಯಿತೆಂದು 1999ರಲ್ಲಿ ಅದನ್ನು ಒಡೆದರು, ದರವನ್ನು ನಿಯಂತ್ರಿಸಲು ಆಯೋಗವನ್ನು ನೇಮಿಸಿದರು. 2002ರಲ್ಲಿ ಏಳು ಜಿಲ್ಲೆಗಳ ಹೊಣೆ ಹೊತ್ತ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ ಏರ್ಪಟ್ಟಿತು. ಹೆಸರು ಬದಲಾಯಿತು, ಫಲಕ ಬದಲಾಯಿತು. ಗೋಜಲು ಮಾತ್ರ ಬಾವಿಯ ದಂಡೆಯಲ್ಲಿ ಹಾಗೆಯೇ ಉಳಿಯಿತು.

2008ರಿಂದ 10 ಅಶ್ವಶಕ್ತಿಯವರೆಗಿನ ಪಂಪಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಅದರ ಬೆಲೆಯನ್ನು ಸರಕಾರವು ಸಹಾಯಧನವಾಗಿ ಕಂಪನಿಗೆ ತುಂಬಿಕೊಡಬೇಕು. ಅಳೆಯದ ವಸ್ತುವಿಗೆ ಬೆಲೆ ಕಟ್ಟುವುದೆಂತು? ಕೆಲವು ಫೀಡರುಗಳ ಅಂಕಿಯನ್ನು ತೆಗೆದು, ತಂತಿಯಲ್ಲಿ ಸೋರಿದುದನ್ನು ಇಷ್ಟೆಂದು ಕಳೆದು, ಪಂಪಸೆಟ್ಟಿಗೆ ಇಷ್ಟೆಂದು ಸರಾಸರಿ ಮಾಡುವುದು! ಕಳುವಾದ ವಿದ್ಯುತ್ತು, ಹಳೆಯ ತಂತಿಯಲ್ಲಿ ವ್ಯರ್ಥವಾದ ವಿದ್ಯುತ್ತು, ಎಲ್ಲಕ್ಕೂ ಅಡಗಿಕೊಳ್ಳಲು ಇದರಲ್ಲಿ ಸ್ಥಳವುಂಟು. ಖರ್ಚು ಬರೆಯುವುದು ಮಾತ್ರ ರೈತನ ಹೆಸರಿನಲ್ಲಿ. ಪೇಟೆಯ ಗೃಹಸ್ಥರು ಪತ್ರಿಕೆಯಲ್ಲಿ ಆ ಮೊತ್ತವನ್ನೋದಿ, ಒಕ್ಕಲಿಗನು ನಾಡಿನ ಬೊಕ್ಕಸವನ್ನು ಬರಿದುಮಾಡಿದನೆಂದು ನಿಟ್ಟುಸಿರಿಡುತ್ತಾರೆ. ಅವನೆಷ್ಟು ಬಳಸಿದನೆಂಬುದನ್ನು ಕಂಡವರಾರು?

ಅತ್ತ ರೈತನಿಗೆ ದೊರೆತುದೇನು? ಏಳು ಗಂಟೆಗಳ ಪಾಳಿ, ಅದರಲ್ಲಿಯೂ ಒಂದು ಪಾಲು ರಾತ್ರಿಯ ಪಾಳಿ. ಬ್ಯಾಟರಿ ಹಿಡಿದು ಹಾವು ಚೇಳುಗಳ ನಡುವೆ ಬದುವಿನ ಮೇಲೆ ನಡೆಯಬೇಕು. ವೋಲ್ಟೇಜು ಕುಸಿದರೆ ಮೋಟರು ಸುಡುವುದು. ಭಾರ ಹೆಚ್ಚಿದರೆ ಟಿ.ಸಿ.ಯೇ ಸುಡುವುದು. ಏಳು ಗಂಟೆ ಬರಲಿಲ್ಲ, ನಾಲ್ಕೇ ಬಂದಿತು ಎಂದರೆ ಅದಕ್ಕೆ ಪುರಾವೆ ಎಲ್ಲಿ? ಜಿಲ್ಲೆಯಲ್ಲಿ ವಿದ್ಯುತ್ತು ಹುಟ್ಟುವುದಿಲ್ಲವೆಂದಲ್ಲ. ಕೂಡಗಿಯ ಸ್ಥಾವರದ ಸಾಮರ್ಥ್ಯ 2,400 ಮೆಗಾವಾಟು, ಆಲಮಟ್ಟಿಯದು 290. ಅದು ನಾಡಿನ ಜಾಲಕ್ಕೆ ಸೇರಿ ದೂರ ದೂರ ಹೋಗುವುದು ನ್ಯಾಯವೇ. ಜಾಲದಿಂದ ಮರಳಿ ಬಂದುದಕ್ಕಾದರೂ ಲೆಕ್ಕ ಬೇಡವೆ?

2003ರ ವಿದ್ಯುಚ್ಛಕ್ತಿ ಕಾಯಿದೆಯ 55ನೆಯ ಕಲಮು, ಎರಡು ವರುಷಗಳ ತರುವಾಯ ಮೀಟರಿಲ್ಲದೆ ಯಾರಿಗೂ ವಿದ್ಯುತ್ತು ಕೊಡಕೂಡದೆಂದು ವಿಧಿಸಿತು. ಅವಧಿಯನ್ನು ಬೆಳೆಸುವ ಅಧಿಕಾರ ಆಯೋಗಕ್ಕುಂಟು, ನಿಜ. ಬೆಳೆಸುತ್ತ ಹೋದರೆ ವಿಧಿಗೆ ಅರ್ಥವೇನು? ಫೀಡರಿಗೆ ಮೀಟರು ಕೂಡಿಸಿದೆ, ಅದೇ ಸಾಕು ಎನ್ನುವವರುಂಟು. ಕೆರೆಯ ತೂಬಿನಲ್ಲಿ ಅಳೆದವನಿಗೆ ಕಾಲುವೆಯ ಒಡಕು ಎಲ್ಲಿದೆಯೆಂದು ತಿಳಿಯುವುದೆ?

ಮೀಟರು ಬಂದರೆ ಅದರ ಹಿಂದೆ ಬಿಲ್ಲೂ ಬಂದೀತೆಂಬುದು ರೈತರ ಅಂಜಿಕೆ. ಅದನ್ನು ಅಜ್ಞಾನವೆಂದು ಹಳಿಯುವುದು ಸಲ್ಲದು. ಮಾತು ಕೊಟ್ಟು ಮರೆತ ಸರಕಾರಗಳನ್ನು ಅವರು ಕಂಡಿದ್ದಾರೆ. ಆದರೆ 2023ರ ಗೃಹಜ್ಯೋತಿಯನ್ನು ನೋಡಿರಿ. ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಮನೆಗಳಿಗೆ ವಿದ್ಯುತ್ತು ಉಚಿತವಾಯಿತು. ಅದಕ್ಕಾಗಿ ಯಾರ ಮನೆಯ ಮೀಟರನ್ನೂ ಕಿತ್ತೊಯ್ಯಲಿಲ್ಲ. ಯೂನಿಟ್ಟು ಎಣಿಸಿ, ಸೊನ್ನೆಯ ಬಿಲ್ಲನ್ನೇ ಕೈಗಿತ್ತರು. ಪಟ್ಟಣದ ಪಡಸಾಲೆಯಲ್ಲಿ ನಡೆಯುವ ಈ ಕ್ರಮ ತೊರವಿಯ ಬಾವಿಯ ದಂಡೆಯಲ್ಲಿ ನಡೆಯಲಾರದೇಕೆ? ಉಚಿತವೆಂಬುದನ್ನು ಮೊದಲು ಬರೆದು ಕೊಡಲಿ. ಅನಂತರ ಒಂದೊಂದು ಟಿ.ಸಿ.ಗೂ ಒಂದೊಂದು ಬಾವಿಗೂ ಮೀಟರು ಬರಲಿ. ಎಷ್ಟು ಗಂಟೆ ಬಂದಿತು, ಎಷ್ಟು ಯೂನಿಟ್ಟು ಸಂದಿತು, ಯಾವ ಹೊತ್ತಿನಲ್ಲಿ ಸಂದಿತೆಂಬ ಪಟ್ಟಿಯನ್ನು ತಿಂಗಳು ತಿಂಗಳು ಪಂಚಾಯತಿಯ ಗೋಡೆಗೆ ಹಚ್ಚಲಿ. ಆ ಪಟ್ಟಿಯನ್ನು ಕಂಡು ಬೆವರತಕ್ಕವರು ಒಕ್ಕಲಿಗರಲ್ಲ.