ಹಿಂದಿರುಗುವ ಗಳಿಗೆಯನ್ನು ಮೊದಲು ಗೊತ್ತುಮಾಡಿ

ಮಾರ್ಗಶಿರದ ಚಳಿ ಬೆಂಗಳೂರಿನ ಬೀದಿಗಳಿಗೆ ಇಳಿಯುವ ಹೊತ್ತಿಗೆ ನಮ್ಮ ಕಚೇರಿಗಳಲ್ಲಿಯೂ ಕಾಲೇಜುಗಳಲ್ಲಿಯೂ ಹಿಮಾಲಯದ ಮಾತು ಪ್ರಾರಂಭವಾಗುತ್ತದೆ. ಒಂದೆರಡು ತಲೆಮಾರುಗಳ ಹಿಂದೆ ಆ ಪರ್ವತಗಳ ಕಡೆಗೆ ಹೊರಡುತ್ತಿದ್ದವರು ಬಹುಮಟ್ಟಿಗೆ ಬದರೀ ಕೇದಾರಗಳ ದರ್ಶನವನ್ನು ಬಯಸಿದ ವಯೋವೃದ್ಧರು. ಅವರು ಹೊರಡುತ್ತಿದ್ದುದು ವೈಶಾಖದಲ್ಲಿ, ದೇವಾಲಯದ ಬಾಗಿಲು ತೆರೆದ ಮೇಲೆ. ಈಗ ಹೊರಡುತ್ತಿರುವವರು ತರುಣ ತರುಣಿಯರು. ಅವರು ಆರಿಸಿಕೊಳ್ಳುವುದಾದರೋ, ಆ ದೇವಾಲಯಗಳ ಬಾಗಿಲು ಮುಚ್ಚಿ, ಉತ್ಸವಮೂರ್ತಿಗಳೇ ತಗ್ಗಿನ ಊರುಗಳಿಗೆ ಇಳಿದು ಬಂದಿರತಕ್ಕ ಪುಷ್ಯ ಮಾಘ ಮಾಸಗಳನ್ನು. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಹಿಮವನ್ನು ಹಿಮದ ಕಾಲದಲ್ಲಿಯೇ ಕಾಣಬೇಕೆಂಬ ಅಪೇಕ್ಷೆ ನ್ಯಾಯವಾದದ್ದು. ಜಡಿಮಳೆಯಲ್ಲಿ ಜೋಗವನ್ನು ನೋಡಬೇಕೆನ್ನುವವನನ್ನು ನಾವು ಹುಚ್ಚನೆನ್ನುವುದಿಲ್ಲವಷ್ಟೆ. ನನ್ನ ಆಕ್ಷೇಪವಿರುವುದು ಆ ಪ್ರಯಾಣಕ್ಕಾಗಿ ನಾವು ಮಾಡಿಕೊಳ್ಳುವ ಸಿದ್ಧತೆಯ ಸ್ವರೂಪವನ್ನು ಕುರಿತು.

ರಜೆ ಮಂಜೂರಾಗಿ, ಡೆಹರಾಡೂನಿಗೆ ಟಿಕೆಟ್ಟು ದೊರೆತು, ದಪ್ಪ ಜಾಕೆಟ್ಟೊಂದನ್ನು ಬಾಡಿಗೆಗೆ ಗೊತ್ತುಮಾಡಿ, ಚಾರಣದ ಕಂಪನಿಗೆ ಮುಂಗಡ ಹಣ ಕಳುಹಿಸಿದರೆ ಯೋಜನೆ ಮುಗಿಯಿತೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇವೆಲ್ಲವೂ ಮೇಲಕ್ಕೆ ಹೋಗುವ ಏರ್ಪಾಡುಗಳು. ಯಾವ ಗಳಿಗೆಗೆ, ಯಾವ ಲಕ್ಷಣ ಕಂಡಾಗ, ಯಾರ ಮಾತಿನ ಮೇಲೆ ಹಿಂದಿರುಗಬೇಕು, ಹಾಗೆ ಹಿಂದಿರುಗಿದರೆ ಒದಗುವ ನಷ್ಟವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳಿಗೆ, ಮನೆಯಲ್ಲಿ ಬೆಚ್ಚಗೆ ಕುಳಿತು ಬುದ್ಧಿ ತಿಳಿಯಾಗಿರುವಾಗಲೇ ಉತ್ತರ ಬರೆದಿಡದೆ ಹೋದರೆ, ಅಂಥದನ್ನು ಯೋಜನೆಯೆಂದು ಕರೆಯಲು ನಾನಂತೂ ಒಪ್ಪಲಾರೆ.

ಕೇದಾರಕಂಠವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಚಳಿಗಾಲದ ಚಾರಣವೆಂದೊಡನೆ ನಮ್ಮವರಲ್ಲಿ ಬಹುಮಂದಿ ಮೊದಲು ಹೇಳುವ ಹೆಸರು ಅದು. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ, ಗೋವಿಂದ ಪಶುವಿಹಾರ ರಾಷ್ಟ್ರೀಯ ಉದ್ಯಾನದ ಎಲ್ಲೆಯೊಳಗೆ, 3,810 ಮೀಟರ್ ಎತ್ತರಕ್ಕೆ ಎದ್ದ ಶಿಖರವದು. ಡೆಹರಾಡೂನಿನಿಂದ ಮಸ್ಸೂರಿ, ಪುರೋಲಾ, ಮೋರಿಗಳ ಮಾರ್ಗವಾಗಿ ಸುಮಾರು 200 ಕಿಲೋಮೀಟರ್ ಪ್ರಯಾಣ ಮಾಡಿ, ರೂಪಿನ್ ಸೂಪಿನ್ ಎಂಬ ಅಕ್ಕತಂಗಿ ನದಿಗಳೆರಡು ಕೂಡಿ ಟೋನ್ಸ್ ಆಗುವ ನೈಟ್ವಾರನ್ನು ದಾಟಿದರೆ ಸಾಂಕ್ರಿ ಎಂಬ ಹಳ್ಳಿ ಸಿಕ್ಕುತ್ತದೆ. ಅಲ್ಲಿಂದ ಮುಂದೆ ದೇವದಾರು, ಪೈನ್, ಓಕ್ ಮರಗಳ ಕಾಡು. ಕಾಡಿನ ನಡುವೆ ಜೂಡಾ ಕಾ ತಾಲಾಬ್ ಎಂಬ, ಆ ಕಾಲಕ್ಕೆ ಹೆಪ್ಪುಗಟ್ಟಿರುವ ಕೊಳ. ಕಾಡು ಮುಗಿದ ಮೇಲೆ ಬೇಸಗೆಯಲ್ಲಿ ಕುರಿ ಮೇಯುವ, ಈಗ ಅಚ್ಚಬಿಳುಪಾದ ಬುಗ್ಯಾಲುಗಳು. ಶಿಖರದ ಮೇಲೆ ನಿಂತವರಿಗೆ ಬಂದರ್‌ಪೂಂಛವೂ ಸ್ವರ್ಗಾರೋಹಿಣಿಯೂ ಎದುರಾಗಿ ಕಾಣುತ್ತವೆ. ಪಾಂಡವರು ಮಹಾಪ್ರಸ್ಥಾನದಲ್ಲಿ ಹಾದುಹೋದ ದಾರಿ ಇದೇ ಎಂಬುದು ಆ ಕಣಿವೆಯವರ ನಂಬಿಕೆ. ಹಿಂದಿರುಗುವ ಯೋಜನೆ ಬೇಕಿಲ್ಲದೆ ಹಿಮಾಲಯವನ್ನೇರಿದವರು ಅವರು ಮಾತ್ರ.

ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಸಾಂಕ್ರಿ ಇರುವುದೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ. ಅರ್ಥಾತ್, ನಮ್ಮ ಬೆಟ್ಟಗಳು ಎಲ್ಲಿ ಮುಗಿಯುತ್ತವೆಯೋ ಅಲ್ಲಿಂದ ಆ ಬೆಟ್ಟ ತೊಡಗುತ್ತದೆ. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದ ಗಟ್ಟಿಗನ ಕಾಲುಗಳು ಅಲ್ಲಿಯೂ ಗಟ್ಟಿಯಾಗಿಯೇ ಇರುತ್ತವೆ, ಸಂದೇಹವಿಲ್ಲ; ಆದರೆ ಶಿಖರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲಿಗಿಂತಲೂ ಕೊಂಚ ಕಡಿಮೆ, ಮತ್ತು ಆ ಕೊರತೆಗೆ ದೇಹ ಒಗ್ಗಿಕೊಳ್ಳುವ ವೇಗಕ್ಕೂ ಕಾಲಿನ ಬಲಕ್ಕೂ ಸಂಬಂಧವಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ವೈದ್ಯರ ಸೂತ್ರ. ಆದರೆ ಪ್ಯಾಕೇಜುಗಳ ಸಾಮಾನ್ಯ ಕ್ರಮದಲ್ಲಿ, ಕೊಳದ ಬಳಿ ಸುಮಾರು 2,770 ಮೀಟರಿನಲ್ಲಿ ಒಂದು ರಾತ್ರಿ, ಮಾರನೆಯ ರಾತ್ರಿ 3,400ರ ಆಸುಪಾಸಿನಲ್ಲಿ. ಸೂತ್ರವನ್ನು ಮೀರಿದ್ದು ಅಷ್ಟೇನೂ ಹೆಚ್ಚಲ್ಲವೆಂದು ಹೇಳಬಹುದು. ಬಹುಮಂದಿಗೆ ತಲೆನೋವಿಗಿಂತ ಹೆಚ್ಚಿನದೇನೂ ಆಗುವುದಿಲ್ಲವೆಂಬುದೂ ನಿಜ. ಆದರೂ ಬೆಂಗಳೂರಿನಲ್ಲಿ ವಿಮಾನವೇರಿದ ಮರುದಿನವೇ ಹಿಮದಲ್ಲಿ ಗುಡಾರ ಹಾಕಬೇಕೆನ್ನುವವರಿಗೆ, ಸಾಂಕ್ರಿಯಲ್ಲೊಂದು ರಾತ್ರಿ, ಕೊಳದ ಬಳಿ ಮತ್ತೊಂದು ರಾತ್ರಿ ಅಧಿಕವಾಗಿ ಸೇರಿಸಿಕೊಳ್ಳಿರೆಂದೇ ನಾನು ಹೇಳುವುದು. ತಲೆನೋವಿನೊಡನೆ ವಾಕರಿಕೆ ಸೇರಿದರೆ ಅಲ್ಲಿಂದ ಮೇಲೇರಕೂಡದು. ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ತುದಿಬೆರಳಿಗೆ ತಾಗಿಸುತ್ತ ನೇರವಾದ ಗೆರೆಯಲ್ಲಿ ಹತ್ತು ಹೆಜ್ಜೆ ಹಾಕಲು ಹೇಳಿದಾಗ ಯಾರಾದರೂ ತಡವರಿಸಿದರೆ, ಅಥವಾ ಸುಮ್ಮನೆ ಕುಳಿತಿರುವಾಗಲೂ ಏದುಸಿರು ಬಿಟ್ಟರೆ, ಅವರನ್ನು ಜೊತೆಯವರು ಆ ಕ್ಷಣವೇ ಕೆಳಕ್ಕೆ ಇಳಿಸಬೇಕು, ಬೆಳಗಾಗಲಿ ಎನ್ನಕೂಡದು. ಎತ್ತರಕ್ಕೆ ಒಗ್ಗಿಕೊಳ್ಳಲು ನೆರವಾಗುವ ಡಯಾಮಾಕ್ಸ್ ಗುಳಿಗೆಯನ್ನು ವೈದ್ಯರ ಸಲಹೆಯಂತೆ ತೆಗೆದುಕೊಂಡವರಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ.

ಇನ್ನು ಹವೆಯ ಮಾತು. ನಮಗೆ ಮಳೆಗಾಲವೆಂದರೆ ನೈಋತ್ಯದಿಂದ ಬರತಕ್ಕದ್ದು. ಪಶ್ಚಿಮ ಹಿಮಾಲಯಕ್ಕೆ ಚಳಿಗಾಲದ ಹಿಮವನ್ನು ತರುವುದು ದೂರದ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು ಇರಾನ್ ಆಫ್ಘಾನಿಸ್ತಾನಗಳನ್ನು ದಾಟಿ ಬರುವ ಪಶ್ಚಿಮ ವಾಯುಕ್ಷೋಭೆಗಳು. ಹವಾಮಾನ ಇಲಾಖೆ ಇವುಗಳ ಸೂಚನೆಯನ್ನು ಕೆಲವು ದಿನ ಮೊದಲೇ ಕೊಡುತ್ತದೆ. ಸೂಚನೆ ಬಂದಿತೆಂದರೆ ಸಾಂಕ್ರಿಯಲ್ಲಿಯೇ ಉಳಿದು ಹಿಮ ಬಿದ್ದು ನಿಂತ ಮೇಲೆ ಹೊರಡಬಹುದು. ಆದರೆ ಆರನೆಯ ದಿನ ಬೆಳಗ್ಗೆ ಡೆಹರಾಡೂನಿನಿಂದ ವಿಮಾನವಿದ್ದು, ಏಳನೆಯ ದಿನ ಕಚೇರಿಗೆ ಹಾಜರಾಗಬೇಕಾದವನು ಹೇಗೆ ಉಳಿದಾನು? ಅವನು ಆಕಾಶವನ್ನು ನೋಡುವುದಿಲ್ಲ, ಟಿಕೆಟ್ಟನ್ನು ನೋಡುತ್ತಾನೆ. ಕೈಯಲ್ಲಿ ಎರಡು ದಿನ ಬಿಡುವಿಲ್ಲದವನು ಚಳಿಗಾಲದಲ್ಲಿ ಹಿಮಾಲಯಕ್ಕೆ ಹೋಗಬಾರದೆಂದರೆ ಮಾತು ಕಟುವಾದೀತು. ಆದರೂ ನನ್ನ ಅಭಿಪ್ರಾಯ ಅದೇ.

2024ರ ಜೂನ್ ಮೊದಲ ವಾರವನ್ನು ನಾವಿನ್ನೂ ಮರೆತಿಲ್ಲ. ಅದೇ ಉತ್ತರಕಾಶಿ ಜಿಲ್ಲೆಯ ಸಹಸ್ರತಾಲ್‌ಗೆ ಹೋದ 22 ಮಂದಿಯ ತಂಡ, ಅವರಲ್ಲಿ ಬಹುಪಾಲು ಕರ್ನಾಟಕದವರು, ನಾಲ್ಕು ಸಾವಿರ ಮೀಟರಿಗೂ ಮೇಲೆ ಬಿರುಗಾಳಿ ಹಿಮಗಳಿಗೆ ಸಿಕ್ಕಿ 9 ಮಂದಿ ಪ್ರಾಣ ಬಿಟ್ಟರು. ಉಳಿದವರಲ್ಲಿ ಬಹುಮಂದಿಯನ್ನು ಹೆಲಿಕಾಪ್ಟರುಗಳ ನೆರವಿನಿಂದ ಕೆಳಕ್ಕೆ ತರಬೇಕಾಯಿತು. ನಮ್ಮ ರಾಜ್ಯದ ಸಚಿವರೊಬ್ಬರು ಡೆಹರಾಡೂನಿಗೇ ಧಾವಿಸಿದರು. ಮೃತರ ಮೇಲೆ ತಪ್ಪು ಹೊರಿಸುವುದು ನನ್ನ ಉದ್ದೇಶವಲ್ಲ. ಅವರಲ್ಲಿ ಪರ್ವತವನ್ನು ಬಲ್ಲವರೂ ಇದ್ದರು. ಆದರೆ ಅದು ಗ್ರೀಷ್ಮ ಋತು. ಜೂನ್ ತಿಂಗಳಿನಲ್ಲಿಯೇ ಆ ಎತ್ತರ ಹಾಗೆ ವರ್ತಿಸುವುದಾದರೆ, ಹಗಲು ಹತ್ತು ಗಂಟೆಗಿಂತ ಸ್ವಲ್ಪವೇ ಹೆಚ್ಚಾಗಿರುವ ಡಿಸೆಂಬರಿನಲ್ಲಿ ನಾವು ಎಷ್ಟು ಜಾಗರೂಕರಾಗಿರಬೇಕು ಎಂಬುದನ್ನು ಓದುಗರೇ ಊಹಿಸಬಹುದು.

ಹಗಲಿನ ಲೆಕ್ಕ ಬಂದದ್ದರಿಂದ ನಡಿಗೆಯ ಲೆಕ್ಕವನ್ನೂ ಹೇಳಬೇಕು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವೊಂದುಂಟು: ಮೂರು ಮೈಲಿಗೆ ಒಂದು ಗಂಟೆ, ಏರುವ ಪ್ರತಿ ಎರಡು ಸಾವಿರ ಅಡಿಗೆ ಮತ್ತೊಂದು ಗಂಟೆ. ಅದು ಗಟ್ಟಿ ನೆಲಕ್ಕೆ ಹೇಳಿದ್ದು. ಮೇಲಿನ ಶಿಬಿರದಿಂದ ಕೇದಾರಕಂಠದ ತುದಿಗೆ, ಆ ಸೂತ್ರದಂತೆ ಒಂದೂವರೆ ಗಂಟೆಯೂ ಹಿಡಿಯದ ದಾರಿ, ಹಿಮದಲ್ಲಿ ಮೂರು ನಾಲ್ಕು ಗಂಟೆಗಳನ್ನು ನುಂಗುವುದುಂಟು. ಇದಕ್ಕೆ ಪರಿಹಾರವೆಂದು, ಜೊತೆಗೆ ಸೂರ್ಯೋದಯವನ್ನು ಶಿಖರದಲ್ಲಿಯೇ ಕಾಣಬೇಕೆಂಬ ಹಟದಿಂದ, ರಾತ್ರಿ ಎರಡು ಮೂರು ಗಂಟೆಗೇ ಎಲ್ಲರನ್ನೂ ಎಬ್ಬಿಸಿ ಹೊರಡಿಸುತ್ತಾರೆ. ಬೇಗ ಹೊರಡುವುದಕ್ಕೆ ಕಾರಣವಿಲ್ಲದೆ ಇಲ್ಲ; ರಾತ್ರಿ ಗಟ್ಟಿಯಾದ ಹಿಮ ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗಿ ಮೊಣಕಾಲಿನವರೆಗೆ ಕುಸಿಯುತ್ತದೆ. ಆದರೆ ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ನಡುವಣ ವಾರದಲ್ಲಿ, ದಿನದ ಅತ್ಯಂತ ಶೀತಲವಾದ ಗಳಿಗೆಯಲ್ಲಿ, ಹಣೆಗೆ ದೀಪ ಕಟ್ಟಿಕೊಂಡ ನೂರಾರು ಜನ ಇಕ್ಕಟ್ಟಾದ ಏಣಿನ ಮೇಲೆ ಒಬ್ಬರ ಹಿಂದೊಬ್ಬರು ನಿಂತು, ಬೆವರಿದ ಮೈ ತಣ್ಣಗಾಗುತ್ತಿರುವಂತೆ ಮುಂದಿನವರು ಸರಿಯುವುದನ್ನು ಕಾಯುವ ಆ ವೈಭವ ಯಾವ ಪುರುಷಾರ್ಥಕ್ಕೋ ನನಗೆ ತಿಳಿಯದು. ಬೆಳಕು ಹರಿಯುವ ಹೊತ್ತಿಗೆ ಹೊರಟು, ಎಲ್ಲಿಯೇ ಇರಲಿ, ಹನ್ನೊಂದು ಗಂಟೆಗೆ ಹಿಂದಿರುಗತಕ್ಕದ್ದೆಂದು ಮೊದಲೇ ಬರೆದಿಟ್ಟುಕೊಂಡರೆ ಸಾಕು. ಜನಸಂದಣಿಯನ್ನು ತಪ್ಪಿಸಬೇಕೆಂದರೆ ಸಂಕ್ರಾಂತಿ ಕಳೆದ ಮೇಲೆ ಹೋಗಬಹುದು. ಹಿಮವೂ ಆಗ ಹೆಚ್ಚು.

ಹೆಚ್ಚು ಹಿಮವೆಂದಾಗ ಸ್ನೋಶೂಗಳ ವಿಚಾರ ಬರುತ್ತದೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಬಗ್ಗಿಸಿದ ಮರದ ಚೌಕಟ್ಟಿಗೆ ಹಸಿ ತೊಗಲಿನ ಪಟ್ಟಿಗಳನ್ನು ಹೆಣೆದು ಮಾಡಿಕೊಳ್ಳುತ್ತಿದ್ದ ಈ ಹಿಮಪಾದುಕೆಗಳು ಈಗ ಅಲ್ಯುಮಿನಿಯಂ ಪ್ಲಾಸ್ಟಿಕ್ಕುಗಳಲ್ಲಿ ಬರುತ್ತವೆ. ಕೆಸರುಗದ್ದೆಗೆ ಹಲಗೆ ಹಾಕಿಕೊಂಡು ದಾಟುವವನ ಉಪಾಯವೇ ಇದೂ: ಮೈಭಾರ ಅಗಲಕ್ಕೆ ಹರಡಿ ಕಾಲು ಹೂತುಹೋಗುವುದು ತಪ್ಪುತ್ತದೆ. ಆದ್ದರಿಂದ ಅಳತೆಯನ್ನು ಪಾದ ನೋಡಿ ಆರಿಸುವುದಲ್ಲ, ಬೆನ್ನಿನ ಚೀಲವೂ ಸೇರಿದ ತೂಕ ನೋಡಿ ಆರಿಸಬೇಕು. ಬೂಟಿನ ಮುಂಭಾಗ ಮಾತ್ರ ಬಿಗಿದಿದ್ದು, ಹಿಮ್ಮಡಿ ಪ್ರತಿ ಹೆಜ್ಜೆಗೂ ಮೇಲೆದ್ದು ಬಾಲದಂಥ ಹಿಂಬದಿ ಹಿಮದ ಮೇಲೆ ಎಳೆದುಕೊಂಡು ಬರುತ್ತದೆ; ಕಾಲನ್ನು ಅಗಲಿಸಿಯೇ ನಡೆಯಬೇಕು, ಇಲ್ಲದಿದ್ದರೆ ಒಂದು ಪಾದುಕೆ ಇನ್ನೊಂದನ್ನು ತುಳಿದು ಮುಗ್ಗರಿಸುವುದು ನಿಶ್ಚಯ. ಇದನ್ನು ತೊಟ್ಟವನು ಹಿಂದೆ ಹೆಜ್ಜೆಯಿಡಲಾರ. ಬಾಲ ಹಿಮದಲ್ಲಿ ನಾಟಿಕೊಂಡು ಅವನನ್ನು ಅಂಗಾತ ಕೆಡವುತ್ತದೆ. ತಿರುಗಬೇಕಾದರೆ ಸುತ್ತು ಬಳಸಿಯೇ ತಿರುಗಬೇಕು. ಕೇದಾರಕಂಠದ ನೂರಾರು ಕಾಲು ತುಳಿದ ದಾರಿಗೆ ಇದರ ಅಗತ್ಯವಿಲ್ಲ. ಬೂಟಿಗೆ ತೊಡಿಸುವ ಮೊಳೆಯ ಸರಪಣಿಯೂ ಕಣಕಾಲಿನ ಗೇಟರುಗಳೂ ಸಾಕು. ಗುಲ್ಮಾರ್ಗದ ಕಾಡುಗಳಲ್ಲಿ, ಔಲಿಯ ಮೇಲಣ ಬುಗ್ಯಾಲುಗಳಲ್ಲಿ, ಹೊಸ ಹಿಮ ಬಿದ್ದು ಇನ್ನೂ ಯಾರೂ ತುಳಿಯದಿರುವಾಗ ಇದು ನಿಜಕ್ಕೂ ವರದಾನ.

ಆ ವರದಾನದಲ್ಲಿಯೇ ಅಪಾಯವೂ ಅಡಗಿದೆ. ಯಾರೂ ತುಳಿಯದ ಇಳಿಜಾರಿಗೆ ಹೋಗುವ ಸಾಮರ್ಥ್ಯವನ್ನು ಕೊಡುವ ಪಾದುಕೆ, ಆ ಇಳಿಜಾರು ನಿಲ್ಲುವುದೋ ಜಾರುವುದೋ ಎಂಬ ಅರಿವನ್ನು ಕೊಡುವುದಿಲ್ಲ. ಹಿಮಕುಸಿತಗಳಲ್ಲಿ ಹೆಚ್ಚಿನವು ಆಗುವುದು 30ರಿಂದ 45 ಡಿಗ್ರಿಯ ಓರೆಯಲ್ಲಿ. ವಿಹಾರಾರ್ಥಿಗಳನ್ನು ಬಲಿ ತೆಗೆದುಕೊಳ್ಳುವ ಕುಸಿತಗಳನ್ನು ಬಹುಮಟ್ಟಿಗೆ ಅವರೋ ಅವರ ಜೊತೆಯವರೋ ತಮ್ಮ ಭಾರದಿಂದಲೇ ಕೆಡವಿರುತ್ತಾರೆ. ಹೂತುಹೋದವನು ಬದುಕುವ ಆಸೆ ಮೊದಲ ಹದಿನೈದು ನಿಮಿಷ ಕಳೆದ ಮೇಲೆ ಬಹು ಬೇಗ ಕ್ಷೀಣಿಸುತ್ತದೆ. ಅಂದ ಮೇಲೆ ಕೆಳಗಿನಿಂದ ಬರುವ ರಕ್ಷಣಾ ಪಡೆಯಿಂದ ಪ್ರಯೋಜನ ಅತ್ಯಲ್ಪ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ 1965ರಿಂದ ನಡೆದು ಬಂದದ್ದು. ಅಲ್ಲಿನ ಶಿಕ್ಷಕರೊಡನೆ ಹೊರಟಿದ್ದ ತಂಡವೇ 2022ರ ಅಕ್ಟೋಬರಿನಲ್ಲಿ ದ್ರೌಪದಿ ಕಾ ದಂಡಾದ ಮೇಲೆ ಹಿಮಕುಸಿತಕ್ಕೆ ಸಿಕ್ಕಿ, ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಅಳಿದರು. ಚಳಿಗಾಲದಲ್ಲಿ ರಕ್ಷಣಾ ಇಲಾಖೆಯ ಡಿಜಿಆರ್‌ಇ ಸಂಸ್ಥೆ ಜಿಲ್ಲಾವಾರು ಹಿಮಕುಸಿತದ ಎಚ್ಚರಿಕೆಗಳನ್ನು ಹೊರಡಿಸುತ್ತದೆ. ಜಾಕೆಟ್ಟಿನ ಬಣ್ಣವನ್ನು ವಿಮರ್ಶಿಸಲು ವ್ಯಯಿಸುವ ಹೊತ್ತಿನಲ್ಲಿ ಅದನ್ನು ಓದಬಹುದು.

ಸಾಮಾನುಗಳ ಪಟ್ಟಿಯನ್ನು ನಾನು ಕೊಡುವುದಿಲ್ಲ, ಎಲ್ಲರೂ ಕೊಡುತ್ತಾರೆ. ಪಟ್ಟಿಯಲ್ಲಿ ಸೇರದ ಒಂದೆರಡು ಮಾತು ಮಾತ್ರ. ಸಾಂಕ್ರಿಗೂ ಶಿಖರಕ್ಕೂ ಎತ್ತರದ ಅಂತರದಿಂದಲೇ ಸುಮಾರು ಹನ್ನೆರಡು ಡಿಗ್ರಿ ಉಷ್ಣತೆ ಇಳಿಯುತ್ತದೆ. ಆದರೂ ಹೊರಡುವಾಗ ಕೊಂಚ ನಡುಗುವಷ್ಟೇ ಬಟ್ಟೆ ತೊಡುವುದು ಲೇಸು, ಏಕೆಂದರೆ ಏರುವಾಗ ಬೆವರಿದ ಹತ್ತಿಯ ಬನಿಯನ್ನು ನಿಂತ ಐದು ನಿಮಿಷಕ್ಕೆ ಮೈಯ ಶಾಖವನ್ನೆಲ್ಲ ಹೀರಿಬಿಡುತ್ತದೆ. ನೀರಿನ ಶೀಸೆಯನ್ನು ಚೀಲದಲ್ಲಿ ತಲೆಕೆಳಗಾಗಿ ಇಡಬೇಕು. ನೀರು ಮೇಲಿನಿಂದ ಹೆಪ್ಪುಗಟ್ಟುತ್ತ ಬರುವುದರಿಂದ, ಹಾಗಿಟ್ಟರೆ ಮುಚ್ಚಳದ ಬಾಯಿ ತೆರೆದೇ ಇರುತ್ತದೆ. ಕಪ್ಪು ಕನ್ನಡಕವನ್ನು ಮೋಡವಿದ್ದ ದಿನವೂ ತೆಗೆಯಕೂಡದು.

ಕೊನೆಯದಾಗಿ, ಹಿಂದಿರುಗಿರೆಂದು ಹೇಳುವವರು ಯಾರು ಎಂಬ ಪ್ರಶ್ನೆ. ನ್ಯಾಯವಾಗಿ ಅದು ಆ ಕಣಿವೆಯಲ್ಲಿಯೇ ಹುಟ್ಟಿ, ಇಳಿಜಾರುಗಳ ಸ್ವಭಾವವನ್ನು ಬಾಲ್ಯದಿಂದ ಬಲ್ಲ ಮಾರ್ಗದರ್ಶಿಯ ಅಧಿಕಾರ. ಆದರೆ ಅವನು ದಿನಗೂಲಿಯವನು. ಕಂಪನಿಯ ಕೀರ್ತಿಯೋ ಶಿಖರದ ಮೇಲೆ ಧ್ವಜ ಹಿಡಿದು ನಿಂತವರ ಭಾವಚಿತ್ರಗಳ ಮೇಲೆ ನಿಂತದ್ದು. ಹಣ ತೆತ್ತು ಬಂದ ಹದಿನೈದು ಮಂದಿ ನಗರದವರು ಸುತ್ತ ನಿಂತು, ಇನ್ನೊಂದರ್ಧ ಗಂಟೆ ಭಯ್ಯಾ, ಎಂದು ಒತ್ತಾಯಿಸಿದಾಗ ಬೇಡವೆನ್ನುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಆದ್ದರಿಂದ ಕಂಪನಿಗೆ ಮುಂಗಡ ಕೊಡುವ ಮೊದಲು, ಹಿಂದಿನ ಚಳಿಗಾಲದಲ್ಲಿ ಎಷ್ಟು ತಂಡಗಳು ಶಿಖರ ಮುಟ್ಟದೆ ಮರಳಿದವು ಎಂದು ಕೇಳಬೇಕು. ಒಂದೂ ಇಲ್ಲವೆಂದು ಹೆಮ್ಮೆಯಿಂದ ಹೇಳಿದರೆ ಬೇರೆ ಕಂಪನಿಯನ್ನು ನೋಡಿಕೊಳ್ಳಬೇಕು. ಮರುಪ್ರಯಾಣದ ಟಿಕೆಟ್ಟನ್ನು ದಿನಾಂಕ ಬದಲಿಸಬಹುದಾದಂತೆ ಕೊಳ್ಳಬೇಕು. ಇನಾಮಿನ ವಿಷಯ ಇನ್ನೂ ಮುಖ್ಯ: ಶಿಖರದಿಂದ ಇಳಿದ ಮೇಲೆ, ಸಂತೋಷದ ಪ್ರಮಾಣವನ್ನು ನೋಡಿ ಕೊಡುವ ಈಗಿನ ಪದ್ಧತಿಯನ್ನು ಬಿಟ್ಟು, ಎಲ್ಲರೂ ಸೇರಿ ಒಟ್ಟುಗೂಡಿಸಿದ ಮೊತ್ತವನ್ನು ಸಾಂಕ್ರಿಯಲ್ಲಿ ಹೊರಡುವ ಬೆಳಗ್ಗೆಯೇ ಮಾರ್ಗದರ್ಶಿಯ ಕೈಗೆ ಕೊಟ್ಟು, ನಡುದಾರಿಯಿಂದ ಹಿಂದಿರುಗಿಸಿದರೂ ಇದು ನಿನ್ನದೇ ಎಂದು ಎಲ್ಲರೆದುರಿನಲ್ಲಿ ಹೇಳಿಬಿಡಬೇಕು.