ಮೊತ್ತಗಳಿಂದ ಮೂಡುವ ಚಿತ್ರ

ನಂಗವಳ್ಳಿ, ಮೆಟ್ಟೂರು ಕಡೆಯ ಕನ್ನಡ ಮನೆಗಳಲ್ಲಿ ಯಾರಿಗಾದರೂ ತಲೆಗೆ ಪೆಟ್ಟು ಬಿದ್ದರೆ ಸೇಲಂಗೆ ಕರೆದೊಯ್ದು ಸಿ.ಟಿ. ಸ್ಕ್ಯಾನ್ ಮಾಡಿಸುವುದು ಈಗ ಮಾಮೂಲು. ಕೈಗೆ ಬಂದ ಕರಿ ಫಿಲಂ ಅನ್ನು ಬೆಳಕಿಗೆ ಹಿಡಿದು ‘ಮೆದುಳಿನ ಫೋಟೊ’ ಅನ್ನುತ್ತೇವೆ. ಅದು ಫೋಟೊ ಅಲ್ಲ, ಲೆಕ್ಕ ಮಾಡಿ ಬಿಡಿಸಿದ ಚಿತ್ರ. ಆ ಲೆಕ್ಕದ ಒಂದು ಮುಖ್ಯ ಪಾಲು ಬೆಂಗಳೂರಿನದು.

ಸಾದಾ ಎಕ್ಸ್‌ರೇ ಬರೀ ನೆರಳು. ಎಲುಬಿನ ಕ್ಯಾಲ್ಸಿಯಂ ಕಿರಣವನ್ನು ಹೆಚ್ಚು ತಡೆಯುತ್ತದೆ, ಮಾಂಸ ಕಡಿಮೆ. ಆದರೆ ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಬೀಳುತ್ತದೆ. ತಲೆಬುರುಡೆಯ ನೆರಳಿನಲ್ಲಿ ಮೆದುಳಿನ ರಕ್ತಸ್ರಾವ ಮುಚ್ಚಿಹೋಗುತ್ತದೆ. ಸಿ.ಟಿ.ಯಲ್ಲಿ ಕಿರಣದ ಕೊಳವೆ ರೋಗಿಯ ಸುತ್ತ ತಿರುಗುತ್ತದೆ. ಒಂದೊಂದು ಕಿರಣವೂ ಹೇಳುವುದು ಒಂದೇ ಸಂಗತಿ: ತನ್ನ ದಾರಿಯಲ್ಲಿ ಒಟ್ಟು ಎಷ್ಟು ತಡೆ ಸಿಕ್ಕಿತು ಎಂಬ ಮೊತ್ತ.

ಬರೀ ಮೊತ್ತದಿಂದ ಒಳಗಿನದು ತಿಳಿಯುವುದು ಹೇಗೆ? ಕಾಗದದ ಮೇಲೆ ನಾಲ್ಕು ಮನೆಯ ಚೌಕ ಬರೆಯಿರಿ. ಮೇಲಿನ ಸಾಲಿನ ಮೊತ್ತ 3, ಕೆಳಗಿನದು 7. ಎಡಗಂಬದ್ದು 4, ಬಲಗಂಬದ್ದು 6. ಮೇಲೆ 1, 2, ಕೆಳಗೆ 3, 4 ಎಂದು ತುಂಬಿದರೆ ಸರಿಹೋಗುತ್ತದೆ. ಆದರೆ ಮೇಲೆ 0, 3, ಕೆಳಗೆ 4, 3 ಎಂದರೂ ಸರಿಯೇ! ಎಡಮೇಲಿನಿಂದ ಬಲಕೆಳಗಿನ ಮೂಲೆಗೆ ಓರೆಯಾಗಿ ಕೂಡಿದರೆ 5 ಎಂದು ಇನ್ನೊಂದು ದಿಕ್ಕಿನ ಮೊತ್ತ ಸಿಕ್ಕಾಗ ಮಾತ್ರ ಮೊದಲನೆಯದೇ ನಿಜ ಎಂದು ತೀರ್ಮಾನವಾಗುತ್ತದೆ. ಯಂತ್ರ ಸುತ್ತುವುದು ಇದಕ್ಕೇ. ಸಿ.ಟಿ. ಯಂತ್ರ ರೂಪಿಸಿದ ಹೌನ್ಸ್‌ಫೀಲ್ಡ್ ಅವರ ಮೊದಲ ಸ್ಕ್ಯಾನರಿನ ಚಿತ್ರದಲ್ಲಿ ಇಂಥ ಮನೆಗಳು 80ಕ್ಕೆ 80, ಅಂದರೆ 6,400.

ಇಷ್ಟು ಮನೆ ತುಂಬಲು ಸುಲಭದ ದಾರಿಯೊಂದಿದೆ. ಪ್ರತಿ ಮೊತ್ತವನ್ನೂ ಕಿರಣ ಬಂದ ದಾರಿಯುದ್ದಕ್ಕೂ ವಾಪಸು ಹರಡಿ, ಎಲ್ಲವನ್ನೂ ಕೂಡುವುದು. ಆಗ ಚಿತ್ರ ಮೂಡುತ್ತದೆ, ಆದರೆ ಕಲಸಿಹೋಗಿರುತ್ತದೆ. ಒಂದು ಚುಕ್ಕೆಯ ಸುತ್ತ ಮಬ್ಬು ಹಬ್ಬುತ್ತದೆ. ಈ ಮಬ್ಬನ್ನು ಮೊದಲೇ ಕಳೆಯಲು ಮೊತ್ತಗಳನ್ನು ಅಲೆಗಳಾಗಿ ಬಿಡಿಸುವ ಫೂರಿಯೇ ಗಣಿತ ಇತ್ತು. ಅಂದಿನ ಕಂಪ್ಯೂಟರಿಗೆ ಅದು ಭಾರ. 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಹಗುರ ದಾರಿ ತೋರಿಸಿದರು. ಪ್ರತಿ ಮೊತ್ತದಿಂದ ಅಕ್ಕಪಕ್ಕದ ಮೊತ್ತಗಳ ನಿಗದಿತ ಪಾಲನ್ನು ಕಳೆದು, ಆಮೇಲೆ ಹರಡಿದರೆ ಮಬ್ಬು ತಾನೇ ವಜಾ ಆಗುತ್ತದೆ. ರೇಡಿಯೊ ಖಗೋಳಕ್ಕಾಗಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ಇಂಥದ್ದನ್ನು ಕಂಡಿದ್ದರು ಎಂಬುದನ್ನೂ ಹೇಳಬೇಕು. ಆದರೂ ಸ್ಕ್ಯಾನ್ ಎಂಜಿನಿಯರುಗಳ ಬಾಯಲ್ಲಿ ಉಳಿದ ಹೆಸರು ‘ರಾಮ್-ಲಾಕ್ ಫಿಲ್ಟರ್’. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು. ಸಿ.ಟಿ.ಗಾಗಿ 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಅದರ ಗಣಿತ ರೂಪಿಸಿದ್ದ ಕಾರ್ಮ್ಯಾಕ್ ಪಾಲಾಯಿತು. ರಾಮಚಂದ್ರನ್ ಪ್ರೋಟೀನಿನ ಕೆಲಸದಿಂದ ಪಠ್ಯಪುಸ್ತಕ ಸೇರಿದರು. ಸ್ಕ್ಯಾನಿನ ಈ ಕೆಲಸದ ಸುದ್ದಿ ನಮ್ಮಲ್ಲಿ ಅಷ್ಟಾಗಿ ಹಬ್ಬಲಿಲ್ಲ.

ಫಿಲಮ್ಮಿನ ಬೂದು ಬಣ್ಣಕ್ಕೂ ಅಳತೆ ಇದೆ: ನೀರಿಗೆ 0, ಗಾಳಿಗೆ ಮೈನಸ್ 1,000. ಹೊಸದಾಗಿ ಸೋರಿದ ರಕ್ತ ಈ ಅಳತೆಯಲ್ಲಿ ಮೆದುಳಿಗಿಂತ ತುಸು ಮೇಲೆ, ಅದಕ್ಕೇ ಬೆಳ್ಳಗೆ ಕಾಣುತ್ತದೆ.

ಹಲವು ದಿಕ್ಕಿನಿಂದ ಹಾಯಿಸುವುದರಿಂದ ಸಿ.ಟಿ.ಯಲ್ಲಿ ಸಾದಾ ಎಕ್ಸ್‌ರೇಗಿಂತ ಕಿರಣ ಹೆಚ್ಚು. ಹೊಟ್ಟೆಯ ಸಿ.ಟಿ.ಗೆ ಸುಮಾರು 8–10 ಮಿಲಿಸೀವರ್ಟ್ (ಮೈಗೆ ತಾಗುವ ಕಿರಣದ ಅಳತೆ). ನಿಸರ್ಗದಿಂದ ಜಗತ್ತಿನಲ್ಲಿ ಒಬ್ಬರಿಗೆ ವರ್ಷಕ್ಕೆ ಸರಾಸರಿ 2.4. ತಲೆಗೆ ಜೋರು ಪೆಟ್ಟಾದಾಗ ಈ ಲೆಕ್ಕ ಹಾಕುತ್ತ ಕೂರಬೇಡಿ, ವೈದ್ಯರು ಹೇಳಿದರೆ ತಕ್ಷಣ ಮಾಡಿಸಿ. ಉಳಿದ ಸಂದರ್ಭದಲ್ಲಿ ಹಳೆಯ ಫಿಲಂ ಜೊತೆಗೆ ಒಯ್ಯಿರಿ, ಬಸುರಿಯಾಗಿದ್ದರೆ ಮೊದಲೇ ತಿಳಿಸಿ, ಎಕ್ಸ್‌ರೇ ಕಿರಣವಿಲ್ಲದ ಅಲ್ಟ್ರಾಸೌಂಡ್ ಸಾಲದೇ ಎಂದು ಕೇಳಿ.