ಕಾರ್ಪೆಟ್ ಹಾಸುವವರ ಮೊಣಕಾಲು ಮತ್ತು ನಮ್ಮ ಪಾಲಿನ ಕೆಲಸ

ಮನೆಗೆ ಹೊಸ ಕಾರ್ಪೆಟ್ ಹಾಕಿಸಬೇಕೆಂದು ನಿಶ್ಚಯವಾದರೆ ನಮ್ಮವರಲ್ಲಿ ಚರ್ಚೆ ನಡೆಯುವುದು ಎರಡೇ ವಿಷಯದ ಮೇಲೆ. ಬಣ್ಣ ಯಾವುದು, ಒಟ್ಟು ಎಷ್ಟು ಡಾಲರು. ಅಂಗಡಿಯವನು ಹಾಸುವ ಕೂಲಿ ಉಚಿತ ಎಂದುಬಿಟ್ಟರೆ ವ್ಯಾಪಾರ ಕುದುರಿದಂತೆಯೇ. ಕೆಲಸದವರು ಬರುವ ದಿನಕ್ಕೆ ಮನೆಯವರು ಏನು ಸಿದ್ಧತೆ ಮಾಡಿಕೊಂಡಿರಬೇಕು ಎಂದು ಕೇಳುವವರು ಕಡಿಮೆ. ಆದರೆ ಕಾರ್ಪೆಟ್ ಚೆನ್ನಾಗಿ ಕೂಡುವುದು ಆ ಸಿದ್ಧತೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ. ಅದು ನಮ್ಮ ಪಾಲಿನ ಕೆಲಸ ಎಂಬುದು ನನ್ನ ಅಭಿಪ್ರಾಯ.

ಊರಿನಲ್ಲಿ ನಮಗೆ ಇದರ ಅಭ್ಯಾಸವಿಲ್ಲದಿರುವುದು ಸಹಜವೇ. ಗಾರೆಯ ನೆಲವಾಗಲಿ, ಶಹಾಬಾದ್ ಕಲ್ಲಾಗಲಿ, ಒಮ್ಮೆ ಹಾಕಿಸಿದರೆ ಮಕ್ಕಳ ಕಾಲಕ್ಕೂ ಆಯಿತು. ಗುಡಿಸಿ ಒರೆಸಿದರೆ ಮುಗಿಯಿತು. ಇಲ್ಲಿ ಅಮೆರಿಕದಲ್ಲಿ ಕಾರ್ಪೆಟ್ಟಿನ ಸಂಗತಿಯೇ ಬೇರೆ. ಜಾರ್ಜಿಯಾ ರಾಜ್ಯದ ಡಾಲ್ಟನ್ ಊರಿನ ಸುತ್ತಮುತ್ತ ಇದರ ಗಿರಣಿಗಳು ಹೆಚ್ಚು. ಅಲ್ಲಿಂದ ಅದು ಸಾಮಾನ್ಯವಾಗಿ 12 ಅಡಿ ಅಗಲದ ಸುರುಳಿಯಾಗಿ ಬರುತ್ತದೆ. ಗೋಡೆಯ ಅಂಚಿನುದ್ದಕ್ಕೂ ಮೊಳೆಗಳ ತುದಿ ಮೇಲೆದ್ದಿರುವ ಮರದ ಪಟ್ಟಿಗಳನ್ನು ಬಡಿದು, ನಡುವೆ ಪ್ಯಾಡ್ ಹರಡಿ, ಅದರ ಮೇಲೆ ಕಾರ್ಪೆಟ್ಟನ್ನು ಎಳೆದು ಬಿಗಿಮಾಡಿ ಆ ಮೊಳೆಗಳಿಗೆ ಸಿಕ್ಕಿಸುತ್ತಾರೆ. ಇಡೀ ಕೆಲಸದ ಗುಟ್ಟಿರುವುದು ಈ ಎಳೆತದಲ್ಲಿ.

ಎಳೆಯುವುದಕ್ಕೆ ಎರಡು ಸಲಕರಣೆಗಳಿವೆ. ಮೊದಲನೆಯದು ನೀ ಕಿಕ್ಕರ್. ಅದರ ಒಂದು ತುದಿಯ ಹಲ್ಲುಗಳು ಕಾರ್ಪೆಟ್ಟನ್ನು ಕಚ್ಚಿ ಹಿಡಿಯುತ್ತವೆ. ಇನ್ನೊಂದು ತುದಿಯ ಮೆತ್ತೆಗೆ ಕೆಲಸದವನು ಮೊಣಕಾಲಿನಿಂದ ಗುದ್ದಬೇಕು, ಅದೂ ಮತ್ತೆ ಮತ್ತೆ, ದಿನವಿಡೀ. ಎರಡನೆಯದು ಪವರ್ ಸ್ಟ್ರೆಚರ್. ಇದರ ಉದ್ದನೆಯ ಕೊಳವೆಗಳನ್ನು ಜೋಡಿಸಿ ಒಂದು ತುದಿಯನ್ನು ಎದುರು ಗೋಡೆಯ ಬುಡಕ್ಕೆ ಆನಿಸಿ, ಹಿಡಿಯನ್ನು ಒತ್ತಿದರೆ ಕಾರ್ಪೆಟ್ ತಾನೇ ಬಿಗಿಯಾಗುತ್ತದೆ. ಮೊಣಕಾಲಿಗೆ ಗುದ್ದುವ ಕೆಲಸವಿಲ್ಲ.

ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯಕ್ಕಾಗಿ ಇರುವ ಇಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ನಯಾಷ್ 1990ರಲ್ಲಿ ಒಂದು ಎಚ್ಚರಿಕೆಯನ್ನು ಪ್ರಕಟಿಸಿತು. ಅದರ ಪ್ರಕಾರ ದೇಶದ ಒಟ್ಟು ದುಡಿಯುವವರಲ್ಲಿ ಕಾರ್ಪೆಟ್ ಹಾಸುವವರು ಶೇ. 0.06ಕ್ಕಿಂತಲೂ ಕಡಿಮೆ. ಆದರೆ ಕೆಲಸದಲ್ಲಿ ಮೊಣಕಾಲಿಗೆ ಪೆಟ್ಟಾಯಿತೆಂದು ಪರಿಹಾರ ಕೇಳಿದ ಅರ್ಜಿಗಳಲ್ಲಿ ಶೇ. 6.2 ಅವರವು! ಕಿಕ್ಕರ್ ಬಿಟ್ಟು ಪವರ್ ಸ್ಟ್ರೆಚರ್ ಬಳಸಿರೆಂಬುದೇ ಅದು ಕೊಟ್ಟ ಸಲಹೆ. ಕಾರ್ಪೆಟ್ ಉದ್ಯಮದವರ ನಿಯಮವೂ ಮನೆಗಳಲ್ಲಿ ಪವರ್ ಸ್ಟ್ರೆಚರ್ ಬಳಸಬೇಕೆಂದೇ ಹೇಳುತ್ತದೆ. ಬರಿಯ ಕಿಕ್ಕರ್‌ನಿಂದ ಹಾಸಿದ ಕಾರ್ಪೆಟ್ ಸಡಿಲವಾಗಿ ಕೆಲಕಾಲದಲ್ಲೇ ಅಲೆ ಅಲೆಯಾಗಿ ಏಳುತ್ತದೆ. ಊರಿಂದ ಬಂದ ವಯಸ್ಸಾದ ತಂದೆತಾಯಿಗಳು ಎಡವುವುದು ಆ ಅಲೆಗಳಿಗೇ. ಅವರ ಮೊಣಕಾಲಿನ ಹಿತವೂ ನಮ್ಮ ಮನೆಯ ಹಿತವೂ ಇಲ್ಲಿ ಒಂದೇ.

ಹಾಗಿದ್ದೂ ಕಿಕ್ಕರ್ ಒಂದರಲ್ಲೇ ಕೆಲಸ ಮುಗಿಸುವುದೇಕೆ? ಅನೇಕ ಕೆಲಸದವರಿಗೆ ಕೂಲಿ ಸಿಗುವುದು ಹಾಸಿದ ಅಳತೆಯ ಲೆಕ್ಕದಲ್ಲಿ. ಸ್ಟ್ರೆಚರ್ ಜೋಡಿಸಲು ಸಮಯ ಬೇಕು, ಗೋಡೆಯಿಂದ ಗೋಡೆಗೆ ತೆರವಾದ ಜಾಗ ಬೇಕು. ನಾವು ಅರ್ಧ ಕೋಣೆಯಲ್ಲಿ ಸೋಫಾ, ಪುಸ್ತಕದ ಬೀರು, ಗೊಂಬೆ ಹಬ್ಬದ ಪೆಟ್ಟಿಗೆಗಳನ್ನು ಒಟ್ಟಿ, "ಸ್ವಲ್ಪ ಆಚೀಚೆ ಸರಿಸಿಕೊಂಡು ಮಾಡಿಕೊಳ್ಳಿ" ಎಂದರೆ ಅವರು ಇನ್ನೇನು ಮಾಡಿಯಾರು?

ಆದ್ದರಿಂದ ಹಿಂದಿನ ದಿನವೇ ಕೋಣೆ ಪೂರ್ತಿ ಖಾಲಿಯಾಗಿರಲಿ. ಕ್ಲಾಸೆಟ್ಟಿನ ನೆಲವನ್ನು ಮರೆಯಬೇಡಿ. ದೇವರ ಮಂಟಪ ಆ ಕೋಣೆಯಲ್ಲಿದ್ದರೆ ನಿಮ್ಮ ಕೈಯಿಂದಲೇ ಬೇರೆ ಕಡೆ ಇಡಿ. ದೀಪ ಹಚ್ಚುವ ಜಾಗಕ್ಕೆ ಕಾರ್ಪೆಟ್ ಬೇಡವೆಂದೇ ಹೇಳುತ್ತೇನೆ. ಟೀವಿಯ ತಂತಿಗಳನ್ನು ಬಿಚ್ಚಿಡಿ. ಹಳೆಯ ಕಾರ್ಪೆಟ್ ಕಿತ್ತು ಸಾಗಿಸುವವರು ಯಾರು, ಬಾಗಿಲು ನೆಲಕ್ಕೆ ತಾಗಿದರೆ ಕೆಳಗಡೆ ಕೊಯ್ಯುವವರು ಯಾರು, 12 ಅಡಿಗಿಂತ ಅಗಲದ ಕೋಣೆಯಲ್ಲಿ ಜೋಡು ಎಲ್ಲಿ ಬರುತ್ತದೆ, ಇವೆಲ್ಲ ಮೊದಲೇ ಕಾಗದದ ಮೇಲಿರಲಿ. ಪವರ್ ಸ್ಟ್ರೆಚರ್ ಬಳಸಬೇಕೆಂಬುದೂ ಅದರಲ್ಲಿ ಇರಲಿ. ಹಳೆಯ ಕಾರ್ಪೆಟ್ ಕಿತ್ತ ಮೇಲೆ ಕಿರುಗುಟ್ಟುವ ಹಲಗೆಗಳಿಗೆ ಸ್ಕ್ರೂ ಬಿಗಿಯಲು ಅದೇ ಸರಿಯಾದ ಸಮಯ.

ಎರಡು ಎಚ್ಚರಿಕೆಗಳು. 1980ಕ್ಕಿಂತ ಹಿಂದೆ ಕಟ್ಟಿದ ಮನೆಗಳಲ್ಲಿ ಕಾರ್ಪೆಟ್ಟಿನ ಕೆಳಗೆ 9 ಅಂಗುಲದ ಚೌಕ ಟೈಲುಗಳು ಸಿಕ್ಕಿದರೆ ಅವುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಪರೀಕ್ಷೆ ಮಾಡಿಸದೆ ಕೆರೆಯುವುದಾಗಲಿ ಒಡೆಯುವುದಾಗಲಿ ಕೂಡದು. ಇನ್ನೊಂದು, ಮನೆಯೊಳಗೆ ನಾವೆಲ್ಲ ಬರಿಗಾಲಿನವರು. ಮೊಳೆಯ ಪಟ್ಟಿ, ಚೂರಿಯ ಅಲಗು ಬಿದ್ದಿರುವ ಆ ದಿನ ಮಕ್ಕಳನ್ನೂ ಹಿರಿಯರನ್ನೂ ಸ್ನೇಹಿತರ ಮನೆಗೆ ಕಳಿಸುವುದು ಲೇಸು. ಹಾಸಿದ ಮೇಲೆ 48ರಿಂದ 72 ಗಂಟೆ ಕಿಟಕಿ ತೆರೆದು ಗಾಳಿಯಾಡಲು ಬಿಡಬೇಕು. ಉಬ್ಬಸದವರಿರುವ ಮನೆಯಲ್ಲಿ ಇದು ಬಹಳ ಮುಖ್ಯ.

"ದುಡ್ಡು ಕೊಡುತ್ತೇವಲ್ಲ, ಸಾಮಾನೂ ಅವರೇ ಎತ್ತಲಿ" ಎನ್ನುವವರಿದ್ದಾರೆ. ಎತ್ತಿಸಿ, ತಪ್ಪಿಲ್ಲ, ಆದರೆ ಮೊದಲೇ ಹೇಳಿ, ಅದಕ್ಕೆ ಬೇರೆ ಹಣ ಕೊಟ್ಟು ಎತ್ತಿಸಿ. ಚೌಕಾಸಿ ಮಾಡಲೇಬೇಕಾದರೆ ಕಾರ್ಪೆಟ್ಟಿನ ಬೆಲೆಯಲ್ಲಿ ಮಾಡೋಣ, ಕೂಲಿಯಲ್ಲಿ ಬೇಡ. ಉಚಿತ ಕೂಲಿ ಎಂಬುದು ಎಲ್ಲೂ ಇಲ್ಲ. ಅದು ಕಾರ್ಪೆಟ್ಟಿನ ಬೆಲೆಯಲ್ಲಿ ಅಡಗಿರುತ್ತದೆ, ಇಲ್ಲವೆ ಯಾರದೋ ಮೊಣಕಾಲಿನಿಂದ ವಸೂಲಾಗುತ್ತದೆ.

ಕೊನೆಗೊಂದು ಸೂಚನೆ. ಯುಗಾದಿಯ ಊಟಕ್ಕೆ ನಾಲ್ಕು ಮನೆಯವರು ಸೇರಿ ಅಡಿಗೆ ಮಾಡುತ್ತೇವೆ. ಅದೇ ರೀತಿ ಕಾರ್ಪೆಟ್ ಹಾಕಿಸುವವರ ಮನೆಗೆ ಹಿಂದಿನ ಸಂಜೆ ನಾಲ್ಕು ಜನ ಹೋಗಿ ಸಾಮಾನು ಎತ್ತಿಕೊಡಬಾರದೇಕೆ? ಗ್ಯಾರೇಜಿನಲ್ಲಿ ಜಾಗವಿದ್ದವರು ಎರಡು ದಿನ ಜಾಗ ಕೊಡಲಿ. ಕಾಫಿ, ಉಪ್ಪಿಟ್ಟಿನ ಖರ್ಚು ಮನೆಯವರದು. ಸದಸ್ಯರು ಈ ವಿಷಯದಲ್ಲಿ ತಮ್ಮ ಅನುಭವಗಳನ್ನು ಬರೆದು ತಿಳಿಸಿದರೆ ಎಲ್ಲರಿಗೂ ಉಪಕಾರವಾದೀತು.